ಬಣ್ಣದಿಂದ ಬಿಂಬಕ್ಕೆ: ಆಲ್ಝೈಮರ್ ಕಾಯಿಲೆಯ ಮಿದುಳು ಟ್ರೇಸರ್‌ಗಳ ಇತಿಹಾಸ

ಆಧುನಿಕ ವೈದ್ಯವಿಜ್ಞಾನದ ಇತಿಹಾಸವನ್ನು ಬರೆಯುವವರು ಯಂತ್ರಗಳಿಗೆ ಕೊಡುವಷ್ಟು ಗಮನವನ್ನು ಬಣ್ಣಗಳಿಗೆ ಕೊಡುವುದಿಲ್ಲ. ಎಕ್ಸ್-ಕಿರಣ, ಸಿ.ಟಿ., ಪೆಟ್, ಎಂ.ಆರ್.ಐ. ಎಂಬ ಕ್ರಮದಲ್ಲಿ ಮಿದುಳಿನ ಚಿತ್ರಣದ ಕಥೆಯನ್ನು ಹೇಳುವುದು ರೂಢಿಯಾಗಿದೆ. ಒಂದು ಯಂತ್ರದ ಬೆನ್ನಿಗೆ ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಯಂತ್ರ ಬರುತ್ತದೆ, ಕಾಣದಿದ್ದದ್ದು ಕಾಣತೊಡಗುತ್ತದೆ ಎಂಬುದು ಆ ಕಥೆಯ ಧಾಟಿ. ಆಲ್ಝೈಮರ್ ಕಾಯಿಲೆಯ ಮಟ್ಟಿಗೆ ಈ ಧಾಟಿ ಹೊಂದುವುದಿಲ್ಲ. ಪಾಸಿಟ್ರಾನ್ ಕಣಗಳ ನೆರವಿನಿಂದ ಬಿಂಬ ಮೂಡಿಸುವ ಪೆಟ್ ಯಂತ್ರವು 1970ರ ದಶಕದ ನಡುವಿನಲ್ಲೇ ಸಿದ್ಧವಾಗಿತ್ತು. ಆದರೆ ಈ ಕಾಯಿಲೆಯ ಗುರುತಾದ ಅಮಿಲಾಯ್ಡ್ ಸಂಚಯವನ್ನು ಬದುಕಿರುವವರ ಮಿದುಳಿನಲ್ಲಿ ತೋರಿಸಿದ ಬಿಂಬಗಳು ಪ್ರಕಟವಾಗತೊಡಗಿದ್ದು 2002ರಲ್ಲಿ. ನಡುವಿನ ಕಾಲು ಶತಮಾನದಲ್ಲಿ ಕೊರತೆಯಿದ್ದದ್ದು ಯಂತ್ರದ್ದಲ್ಲ, ಒಂದು ಅಣುವಿನದು. ಆ ಅಣು ಕೊನೆಗೂ ದೊರೆತದ್ದು ಹತ್ತಿಬಟ್ಟೆಗೆ ಬಣ್ಣ ಕಟ್ಟುತ್ತಿದ್ದ ರಾಸಾಯನಿಕಗಳ ವಂಶದಲ್ಲಿ.

ಆ ವಂಶಾವಳಿಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಮೊದಲ ಉದ್ದೇಶ. ಅದರೊಂದಿಗೆ ಇನ್ನೊಂದು ಪ್ರಶ್ನೆಯೂ ಇಲ್ಲಿದೆ: ಬಿಂಬಕ್ಕೆ ಪ್ರಾಮಾಣ್ಯ ಎಲ್ಲಿಂದ ಬರುತ್ತದೆ? ಬದುಕಿದ್ದಾಗಲೇ ರೋಗವನ್ನು ತೋರಿಸುವ ಟ್ರೇಸರ್‌ಗಳು ಶವಪರೀಕ್ಷೆಯನ್ನು ಅನಗತ್ಯಗೊಳಿಸಿದವು ಎಂಬ ಅಭಿಪ್ರಾಯ ಸಾಮಾನ್ಯವಾಗಿದೆ. ದಾಖಲೆಗಳು ಬೇರೆಯದನ್ನೇ ಹೇಳುತ್ತವೆ. ಪ್ರತಿ ಹಂತದಲ್ಲೂ ಟ್ರೇಸರ್‌ಗಳು ಶವಪರೀಕ್ಷೆಯ ಮೇಜಿಗೇ ಮರಳಿ ತಮ್ಮ ಮಾತನ್ನು ರುಜುವಾತುಪಡಿಸಬೇಕಾಯಿತು.

ಟ್ರೇಸರ್ ಎಂದರೆ ಅತ್ಯಲ್ಪ ಪ್ರಮಾಣದಲ್ಲಿ ರಕ್ತನಾಳಕ್ಕೆ ಚುಚ್ಚಿದ ವಿಕಿರಣಶೀಲ ಸಂಯುಕ್ತ. ಅದು ದೇಹದಲ್ಲಿ ಎಲ್ಲಿ ತಂಗುತ್ತದೆಯೋ ಅಲ್ಲಿಂದ ಹೊರಡುವ ವಿಕಿರಣವನ್ನು ಯಂತ್ರ ಅಳೆಯುತ್ತದೆ. ತಂಗುವ ಜಾಗವನ್ನು ನಿರ್ಧರಿಸುವುದು ಅಣುವಿನ ಸ್ವಭಾವವೇ ಹೊರತು ಯಂತ್ರವಲ್ಲ.

1906ರ ನವೆಂಬರ್ 3ರಂದು ಜರ್ಮನಿಯ ಟ್ಯೂಬಿಂಗೆನ್ ನಗರದಲ್ಲಿ ಸೇರಿದ್ದ ಮನೋವೈದ್ಯರ ಸಭೆಯಲ್ಲಿ ಆಲೋಯಿಸ್ ಆಲ್ಝೈಮರ್ ಒಬ್ಬ ಮಹಿಳೆಯ ಮಿದುಳಿನ ಬಗ್ಗೆ ಉಪನ್ಯಾಸ ಕೊಟ್ಟರು. ಆ ಮಹಿಳೆ, ಆಗುಸ್ಟೆ ಡೆಟರ್, 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ದಾಖಲಾದಾಗ ಆಕೆಗೆ 51 ವರ್ಷ. 1906ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡ ಬಳಿಕ ಮಿದುಳನ್ನು ಆಲ್ಝೈಮರ್ ಆಗ ಕೆಲಸ ಮಾಡುತ್ತಿದ್ದ ಮ್ಯೂನಿಕ್‌ಗೆ ಕಳಿಸಲಾಯಿತು. ಬೀಲ್‌ಷೋವ್‌ಸ್ಕಿ ಕೆಲವೇ ವರ್ಷ ಮುಂಚೆ ರೂಪಿಸಿದ್ದ ಬೆಳ್ಳಿ ಲವಣದ ವಿಧಾನವನ್ನು ಬಳಸಿದಾಗ ನರಕೋಶಗಳ ಒಳಗೆ ಕಪ್ಪು ನಾರಿನ ಸಿಕ್ಕುಗಳು ಕಂಡವು. ಕೋಶಗಳ ಹೊರಗೆ ಹರಡಿದ್ದ ವಿಚಿತ್ರ ದ್ರವ್ಯದ ಗಂಟುಗಳೂ ಇದ್ದವು. ಇಂದು ಇವನ್ನು ಕ್ರಮವಾಗಿ ಟ್ಯಾಂಗಲ್, ಪ್ಲೇಕ್ ಎಂದು ಕರೆಯುತ್ತಾರೆ. ಉಪನ್ಯಾಸದ ಬಳಿಕ ಸಭೆಯಲ್ಲಿ ಚರ್ಚೆಯೇ ನಡೆಯಲಿಲ್ಲ. 1910ರಲ್ಲಿ ಎಮಿಲ್ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದ ಎಂಟನೆಯ ಆವೃತ್ತಿಯಲ್ಲಿ ಈ ಕಾಯಿಲೆಗೆ ಆಲ್ಝೈಮರ್ ಹೆಸರನ್ನಿಟ್ಟರು.

ಡೆಟರ್ ಅವರ ವಯಸ್ಸು ಇಲ್ಲಿ ಮುಖ್ಯ. ‘ಅರವತ್ತಕ್ಕೆ ಅರಳುಮರುಳು’ ಎಂಬ ನಮ್ಮ ಗಾದೆಯಲ್ಲಿರುವ ತಿಳಿವಳಿಕೆ ಅಂದಿನ ಯುರೋಪಿನ ವೈದ್ಯರದೂ ಆಗಿತ್ತು. ಮುಪ್ಪಿನಲ್ಲಿ ಬುದ್ಧಿ ಮಂಕಾಗುವುದು ವಯಸ್ಸಿನ ಧರ್ಮ, ಅದು ರೋಗವಲ್ಲ. ಐವತ್ತೊಂದರಲ್ಲಿ ಹಾಗಾದರೆ ಮಾತ್ರ ಅದಕ್ಕೆ ಬೇರೆ ಹೆಸರು ಬೇಕು. ಹೀಗಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಲ್ಝೈಮರ್ ಕಾಯಿಲೆ ಎಂಬುದು ನಡುವಯಸ್ಸಿನವರಿಗೆ ಬರುವ ಅಪರೂಪದ ರೋಗವಾಗಿಯೇ ಉಳಿಯಿತು. ಈ ಗೆರೆಯನ್ನು ಅಳಿಸಿದ್ದು ಇಂಗ್ಲೆಂಡಿನ ನ್ಯೂಕಾಸಲ್‌ನ ಬ್ಲೆಸ್ಡ್, ಟಾಮ್ಲಿನ್ಸನ್ ಮತ್ತು ರಾತ್ ಎಂಬ ಮೂವರು. ವೃದ್ಧರು ಬದುಕಿದ್ದಾಗಲೇ ಅವರ ಬುದ್ಧಿಶಕ್ತಿಯನ್ನು ಅಳೆದಿಟ್ಟುಕೊಂಡು, ಸಾವಿನ ಬಳಿಕ ಮಿದುಳಿನಲ್ಲಿದ್ದ ಪ್ಲೇಕ್‌ಗಳನ್ನು ಎಣಿಸಿ, ಎರಡಕ್ಕೂ ಸಂಬಂಧವಿದೆ ಎಂದು ಅವರು 1968ರಲ್ಲಿ ತೋರಿಸಿದರು. ಅರಳುಮರುಳು ವಯಸ್ಸಿನ ಧರ್ಮವಾಗಿ ಉಳಿಯಲಿಲ್ಲ. ಆದರೆ ಅದನ್ನು ಖಚಿತಪಡಿಸಿಕೊಳ್ಳಲು ಸಾವಿನವರೆಗೆ ಕಾಯಬೇಕಿತ್ತು. ವೈದ್ಯರು ಬದುಕಿರುವ ರೋಗಿಗೆ ಹೇಳಬಹುದಾಗಿದ್ದದ್ದು ‘ಸಂಭಾವ್ಯ ಆಲ್ಝೈಮರ್’ ಎಂದಷ್ಟೆ.

ಇನ್ನು ಬಣ್ಣದ ವಿಷಯ. ರುಡಾಲ್ಫ್ ವಿರ್ಖೋ 1854ರಲ್ಲಿ ಮಿದುಳಿನ ಕೆಲವು ಸಂಚಯಗಳು ಅಯೋಡಿನ್‌ಗೆ ಪಿಷ್ಟದಂತೆ ಪ್ರತಿಕ್ರಿಯಿಸುವುದನ್ನು ಕಂಡು, ಪಿಷ್ಟದಂಥದ್ದು ಎಂಬ ಅರ್ಥದಲ್ಲಿ ಅಮಿಲಾಯ್ಡ್ ಎಂಬ ಪದವನ್ನು ಬಳಸಿದರು. ಐದೇ ವರ್ಷದಲ್ಲಿ ಫ್ರೀಡ್ರೈಕ್ ಮತ್ತು ಕೆಕುಲೆ, ಅಂಗಾಂಗಗಳಲ್ಲಿ ಕೂಡುವ ಅಮಿಲಾಯ್ಡ್ ಪಿಷ್ಟವಲ್ಲ, ಪ್ರೋಟೀನ್ ಸ್ವಭಾವದ್ದು ಎಂದು ತೋರಿಸಿದರೂ ತಪ್ಪು ಹೆಸರೇ ನಿಂತಿತು. 1883ರಲ್ಲಿ ಪಾಲ್ ಬಾಟಿಗರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಒಂದು ಕೆಂಪು ಬಣ್ಣವನ್ನು ತಯಾರಿಸಿದರು. ಕಚ್ಚು ಹಾಕುವ ಲವಣದ ನೆರವಿಲ್ಲದೆ ಹತ್ತಿಬಟ್ಟೆಗೆ ನೇರವಾಗಿ ಹಿಡಿಯುತ್ತಿದ್ದುದು ಅದರ ಹೆಚ್ಚುಗಾರಿಕೆ. ಆಫ್ರಿಕಾದ ಕಾಂಗೋ ಪ್ರದೇಶದ ಹಂಚಿಕೆ ಕುರಿತು 1884-85ರಲ್ಲಿ ಬರ್ಲಿನ್‌ನಲ್ಲಿ ನಡೆದ ಸಮ್ಮೇಳನದಿಂದಾಗಿ ಕಾಂಗೋ ಎಂಬ ಹೆಸರು ಎಲ್ಲರ ಬಾಯಲ್ಲಿತ್ತು. ಬಣ್ಣ ‘ಕಾಂಗೋ ರೆಡ್’ ಎಂದು ಮಾರುಕಟ್ಟೆಗೆ ಬಂತು. ವಸಾಹತುಶಾಹಿಯ ಈ ಮುದ್ರೆ ಇಂದಿಗೂ ಪ್ರತಿಯೊಂದು ರೋಗಶಾಸ್ತ್ರ ಪ್ರಯೋಗಾಲಯದ ಬಾಟಲಿಯ ಮೇಲಿದೆ.

ಬಟ್ಟೆಯ ಬಣ್ಣವು ಅಮಿಲಾಯ್ಡ್‌ಗೂ ಹಿಡಿಯುತ್ತದೆ ಎಂದು 1922ರಲ್ಲಿ ಕಂಡುಕೊಂಡವರು ಹಾನ್ಸ್ ಬೆನ್‌ಹೋಲ್ಡ್. ಟ್ರೇಸರ್‌ಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಗಮನಿಸದ ಸಂಗತಿಯೆಂದರೆ ಅವರು ಇದನ್ನು ಕಂಡುಕೊಂಡದ್ದು ಮೊದಲು ಬದುಕಿರುವ ರೋಗಿಗಳಲ್ಲಿ ಎಂಬುದು. ಬಣ್ಣವನ್ನು ರಕ್ತನಾಳಕ್ಕೆ ಚುಚ್ಚಿದಾಗ, ಅಂಗಾಂಗಗಳಲ್ಲಿ ಅಮಿಲಾಯ್ಡ್ ಕೂಡಿದ್ದವರ ರಕ್ತದಿಂದ ಅದು ಇತರರಲ್ಲಿಗಿಂತ ಬೇಗ ಮಾಯವಾಗುತ್ತಿತ್ತು. ಸತ್ತ ಮೇಲೆ ನೋಡಿದರೆ ಅದು ಅಮಿಲಾಯ್ಡ್‌ಗೆ ಅಂಟಿಕೊಂಡಿತ್ತು. ತತ್ತ್ವದ ದೃಷ್ಟಿಯಿಂದ ಇದು ಪೆಟ್ ಟ್ರೇಸರ್‌ನ ಕೆಲಸವೇ, ವಿಕಿರಣವೊಂದು ಇರಲಿಲ್ಲ. ಅಪಾಯಕರ ಪ್ರತಿಕ್ರಿಯೆಗಳು ವರದಿಯಾಗಿ ಆ ಪರೀಕ್ಷೆ ಮುಂದೆ ಬಳಕೆ ತಪ್ಪಿತು. 1927ರಲ್ಲಿ ಬೆಲ್ಜಿಯಂನ ಪಾಲ್ ದಿವ್ರಿ, ಮುಪ್ಪಿನ ಮಿದುಳಿನ ಪ್ಲೇಕ್‌ಗಳೂ ಕಾಂಗೋ ರೆಡ್ ಹೀರುತ್ತವೆ, ಧ್ರುವೀಕೃತ ಬೆಳಕಿನಲ್ಲಿ ಹೊಳೆಯುತ್ತವೆ ಎಂದು ತೋರಿಸಿದರು. 1959ರಲ್ಲಿ ವಸಾರ್ ಮತ್ತು ಕಲಿಂಗ್ ಇನ್ನೊಂದು ಬಟ್ಟೆಬಣ್ಣವಾದ ಥಯೋಫ್ಲೇವಿನ್-ಟಿ ಅಮಿಲಾಯ್ಡ್‌ಗೆ ಅಂಟಿ ಪ್ರದೀಪ್ತಿ ಬೀರುವುದನ್ನು ವರದಿಮಾಡಿದರು. ಉದ್ದವಾದ ಚಪ್ಪಟೆ ಅಣುಗಳು ಉದ್ದವಾದ ನಾರುಗಳ ಮೈಗುಂಟ ಒರಗಿಕೊಳ್ಳುತ್ತವೆ. ನಾರು ಹತ್ತಿಯ ಸೆಲ್ಯುಲೋಸ್ ಆಗಿರಲಿ, ಬೀಟಾ-ಪದರದ ಪ್ರೋಟೀನ್ ಆಗಿರಲಿ. ವಿರ್ಖೋ ಅವರ ತಪ್ಪಿನಲ್ಲಿ ಒಂದು ಎಳೆ ಸತ್ಯವಿತ್ತು ಎನ್ನಬೇಕು.

ಆದರೆ ಈ ಬಣ್ಣಗಳು ಗಾಜಿನ ಹಲಗೆಯ ಮೇಲಿನ ಸತ್ತ ಅಂಗಾಂಶಕ್ಕೆ ಮಾತ್ರ ಒದಗಿದವು. ಮಿದುಳಿನ ರಕ್ತನಾಳಗಳ ಗೋಡೆ ವಿದ್ಯುದಾವೇಶವುಳ್ಳ, ದೊಡ್ಡ ಗಾತ್ರದ ಅಣುಗಳನ್ನು ಒಳಬಿಡುವುದಿಲ್ಲ. ಕಾಂಗೋ ರೆಡ್‌ನಲ್ಲಿ ಎರಡು ಸಲ್ಫೋನಿಕ್ ಆಮ್ಲದ ಗುಂಪುಗಳಿವೆ. ಥಯೋಫ್ಲೇವಿನ್-ಟಿಯಲ್ಲಿ ಧನಾವೇಶದ ಒಂದು ನೈಟ್ರೋಜನ್ ಇದೆ. ಬಟ್ಟೆಬಣ್ಣವಾಗಿ ನೀರಿನಲ್ಲಿ ಕರಗಲು ಬೇಕಾದ ಗುಣವೇ ಮಿದುಳಿನ ಬಾಗಿಲಲ್ಲಿ ಅಡ್ಡಿಯಾಯಿತು.

ಅಷ್ಟರಲ್ಲಿ ಪೆಟ್ ಯಂತ್ರ ಬೇರೆ ದಾರಿಯಿಂದ ಮಿದುಳನ್ನು ತಲುಪಿತ್ತು. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ತಯಾರಾದ ಫ್ಲೋರೋಡಿಆಕ್ಸಿಗ್ಲುಕೋಸ್ ಎಂಬ ಸಕ್ಕರೆಯನ್ನು 1976ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಕೊಡಲಾಯಿತು. ಮಿದುಳಿನ ಯಾವ ಭಾಗ ಎಷ್ಟು ಸಕ್ಕರೆ ಬಳಸುತ್ತದೆ ಎಂಬುದನ್ನು ಅದು ತೋರಿಸಿತು. ಕೆನಡಾದ ಮಕ್‌ಮಾಸ್ಟರ್ ವಿಶ್ವವಿದ್ಯಾಲಯದ ಗಾರ್ನೆಟ್, ಫರ್ನೌ ಮತ್ತು ನಹ್ಮಿಯಾಸ್ 1983ರಲ್ಲಿ ಫ್ಲೋರೋಡೋಪಾ ಬಳಸಿ, ಪಾರ್ಕಿನ್ಸನ್ ಕಾಯಿಲೆಯಲ್ಲಿ ಕುಗ್ಗುವ ಡೋಪಮೈನ್ ವ್ಯವಸ್ಥೆಯನ್ನು ಜೀವಂತ ಮನುಷ್ಯರಲ್ಲಿ ಗೋಚರವಾಗಿಸಿದರು. ಇವೆಲ್ಲ ಮಹತ್ವದ ಸಾಧನೆಗಳೇ. ಆದರೆ ಇವು ತೋರಿಸಿದ್ದು ರೋಗದಿಂದಾದ ನಷ್ಟವನ್ನು. ಬೆಳೆ ಒಣಗಿದ್ದು ಕಂಡಿತು, ಬೇರಿಗೆ ಹತ್ತಿದ ಹುಳು ಕಾಣಲಿಲ್ಲ.

1984ರಲ್ಲಿ ಗ್ಲೆನರ್ ಮತ್ತು ವಾಂಗ್ ಅಮಿಲಾಯ್ಡ್‌ನ ಘಟಕವಾದ ಬೀಟಾ ಪ್ರೋಟೀನನ್ನು ಪ್ರತ್ಯೇಕಿಸಿದ ಮೇಲೆ ಹುಳುವಿನ ಗುರುತು ಸ್ಪಷ್ಟವಾಯಿತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಮನೋವೈದ್ಯ ವಿಲಿಯಂ ಕ್ಲಂಕ್ ಕಾಂಗೋ ರೆಡ್ ಅಮಿಲಾಯ್ಡ್‌ಗೆ ಎಷ್ಟು ಬಲವಾಗಿ ಅಂಟುತ್ತದೆ ಎಂದು ಅಳೆಯಲು 1980ರ ದಶಕದ ಕೊನೆಯಲ್ಲಿ ತೊಡಗಿದರು. ಅವರು ಮುಂದೆ ಆರಿಸಿಕೊಂಡದ್ದು ಕ್ರಿಸಮಿನ್-ಜಿ ಎಂಬ ಹಳೆಯ ಬಟ್ಟೆಬಣ್ಣವನ್ನು. ಸಲ್ಫೋನಿಕ್ ಆಮ್ಲದ ಬದಲು ಸೌಮ್ಯವಾದ ಕಾರ್ಬಾಕ್ಸಿಲ್ ಗುಂಪುಗಳಿದ್ದ ಕಾರಣ ಅದು ಕೊಬ್ಬಿನಲ್ಲಿ ಹೆಚ್ಚು ಕರಗುತ್ತಿತ್ತು. ವಿಕಿರಣ ರಸಾಯನಶಾಸ್ತ್ರಜ್ಞ ಚೆಸ್ಟರ್ ಮ್ಯಾಥಿಸ್ ಅವರ ಜೊತೆಗೂಡಿ ಈ ವಂಶದ ಅನೇಕ ಸಂಯುಕ್ತಗಳನ್ನು ಅವರು ವರ್ಷಗಟ್ಟಲೆ ಪರೀಕ್ಷಿಸಿದರು. ಯಾವುದೂ ಬೇಕಾದಷ್ಟು ಪ್ರಮಾಣದಲ್ಲಿ ಮಿದುಳನ್ನು ಸೇರಲಿಲ್ಲ. ಆಗ ಅವರು ಕಾಂಗೋ ರೆಡ್ ವಂಶವನ್ನು ಬಿಟ್ಟು ಥಯೋಫ್ಲೇವಿನ್-ಟಿಯ ಕಡೆಗೆ ಹೊರಳಿದರು.

ಅಲ್ಲಿ ನಡೆದ ಕೆಲಸ ಬಹುಮಟ್ಟಿಗೆ ಕಳೆಯುವ ಕೆಲಸ. ಧನಾವೇಶಕ್ಕೆ ಕಾರಣವಾದ ನೈಟ್ರೋಜನ್ ಮೇಲಿನ ಮೀಥೈಲ್ ಗುಂಪನ್ನು ತೆಗೆದಾಗ ಅಣು ತಟಸ್ಥವಾಯಿತು, ಮಿದುಳಿನೊಳಗೆ ಹೋಯಿತು, ಅಮಿಲಾಯ್ಡ್‌ಗೆ ಅಂಟುವ ಶಕ್ತಿಯನ್ನೂ ಉಳಿಸಿಕೊಂಡಿತು. ಆದರೆ ಈಗ ಅದು ಕೊಬ್ಬಿಗೆ ಅತಿಯಾಗಿ ಒಲಿದು ಮಿದುಳಿನ ಆರೋಗ್ಯವಂತ ಭಾಗದಿಂದ ಹೊರಬರಲು ತಡಮಾಡುತ್ತಿತ್ತು. ಅಂಟಬಾರದ ಕಡೆ ಉಳಿದ ಟ್ರೇಸರ್ ಬಿಂಬವನ್ನು ಮಸುಕುಗೊಳಿಸುತ್ತದೆ. ಅಣುವಿನ ತುದಿಯಲ್ಲಿ ಒಂದು ಹೈಡ್ರಾಕ್ಸಿಲ್ ಗುಂಪನ್ನಿಟ್ಟಾಗ ಆ ತೊಡಕು ಬಗೆಹರಿಯಿತು. ಒಳಹೋಗುವಷ್ಟು ಕೊಬ್ಬಿನ ಒಲವು, ಹೊರಬರುವಷ್ಟು ನೀರಿನ ಒಲವು ಎರಡೂ ಒಂದೇ ಅಣುವಿನಲ್ಲಿ ಇರಬೇಕಾಗಿತ್ತು. ಇದಕ್ಕೆ ಕಾರ್ಬನ್-11 ಎಂಬ ಐಸೋಟೋಪನ್ನು ಜೋಡಿಸಲಾಯಿತು. ಬೋಸ್ಟನ್‌ನಲ್ಲಿ ಬಾಕ್ಸ್‌ಕೈ ಮತ್ತು ಸಹೋದ್ಯೋಗಿಗಳು ರೋಗಜೀನನ್ನು ಸೇರಿಸಿದ ಇಲಿಗಳ ತಲೆಬುರುಡೆಯಲ್ಲಿ ಕಿಂಡಿ ತೆರೆದು, ಈ ಅಣು ರಕ್ತನಾಳದಿಂದ ಹೊರಬಂದು ಪ್ಲೇಕ್‌ಗೆ ಅಂಟುವುದನ್ನು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಕಂಡರು (2003). ಆದರೆ ಅಂಥ ಇಲಿಗಳ ಪೆಟ್ ಬಿಂಬದಲ್ಲಿ ಟ್ರೇಸರ್ ಉಳಿದದ್ದು ಕಾಣಲೇ ಇಲ್ಲ ಎಂದು ಕ್ಲಂಕ್ ಅವರ ತಂಡ 2005ರಲ್ಲಿ ವರದಿಮಾಡಿತು. ಇಲಿಯ ಅಮಿಲಾಯ್ಡ್ ಮನುಷ್ಯರ ಅಮಿಲಾಯ್ಡ್‌ನಂತೆ ಈ ಅಣುವಿಗೆ ಎಡೆಕೊಡುವುದಿಲ್ಲ. ಪ್ರಾಣಿಗಳ ಮೇಲಿನ ಪೆಟ್ ಫಲಿತಾಂಶವನ್ನೇ ಮೊದಲ ಮೆಟ್ಟಿಲೆಂದು ನಂಬಿ ಕಾದಿದ್ದರೆ ಈ ಟ್ರೇಸರ್ ಅಲ್ಲಿಗೇ ನಿಲ್ಲುತ್ತಿತ್ತು.

ಮನುಷ್ಯರಲ್ಲಿ ಮೊದಲ ಬಿಂಬ ತೆಗೆದದ್ದು ಸ್ವೀಡನ್ನಿನ ಉಪ್ಸಲಾದಲ್ಲಿ, 2002ರ ಫೆಬ್ರವರಿ 14ರಂದು. ಬೆಂಗ್ಟ್ ಲಾಂಗ್‌ಸ್ಟ್ರಾಂ ನೇತೃತ್ವದ ಪೆಟ್ ಕೇಂದ್ರ, ಸ್ಟಾಕ್‌ಹೋಮ್‌ನ ಆಗ್ನೆಟಾ ನಾರ್ಡ್‌ಬರ್ಗ್ ಮತ್ತು ಪಿಟ್ಸ್‌ಬರ್ಗ್ ತಂಡ ಇದರಲ್ಲಿ ಭಾಗಿಗಳು. ಉಪ್ಸಲಾದ ತಂಡದಲ್ಲಿದ್ದ ವೈದ್ಯ ಹೆನ್ರಿ ಎಂಗ್ಲರ್ ಅವರ ಬದುಕು ಬೇರೊಂದು ಬಗೆಯ ಇತಿಹಾಸ. ಉರುಗ್ವೆಯ ತುಪಮಾರೊ ಗೆರಿಲ್ಲಾ ಸಂಘಟನೆಯಲ್ಲಿದ್ದು 1972ರಿಂದ 1985ರವರೆಗೆ ಸೆರೆಮನೆಯಲ್ಲಿ ಕಳೆದು, ಬಿಡುಗಡೆಯ ನಂತರ ಸ್ವೀಡನ್ ಸೇರಿ ವೈದ್ಯರಾದವರು ಅವರು. ಪಿಟ್ಸ್‌ಬರ್ಗ್‌ನವರಿಗೆ ಈ ಸಂಯುಕ್ತ ಒಂದು ಉದ್ದನೆಯ ರಾಸಾಯನಿಕ ಹೆಸರಾಗಿತ್ತು. ‘ಪಿಟ್ಸ್‌ಬರ್ಗ್ ಕಾಂಪೌಂಡ್-ಬಿ’ ಎಂಬ ಸರಳ ಹೆಸರನ್ನು ಕೊಟ್ಟವರು ಉಪ್ಸಲಾದವರು. ಅದರ ಹ್ರಸ್ವರೂಪ ಪಿಬ್. 16 ಮಂದಿ ಸೌಮ್ಯ ಹಂತದ ರೋಗಿಗಳು ಮತ್ತು ಹೋಲಿಕೆಗಾಗಿ ಆರಿಸಿದ 9 ಮಂದಿಯ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ರೋಗಿಗಳ ಮಿದುಳಿನ ಮುಂಭಾಗದ ತೊಗಟೆಯಲ್ಲಿ ಟ್ರೇಸರ್ ಇತರರಲ್ಲಿದ್ದುದರ 1.94 ಪಟ್ಟು ಉಳಿದಿತ್ತು. ಪ್ಲೇಕ್‌ಗಳು ವಿರಳವಾಗಿರುವ ಕಿರುಮಿದುಳಿನಲ್ಲಿ ವ್ಯತ್ಯಾಸವಿರಲಿಲ್ಲ.

ಆದ್ಯತೆಯ ಪ್ರಶ್ನೆಯಲ್ಲಿ ನ್ಯಾಯವಾಗಿ ಹೇಳಬೇಕಾದದ್ದೊಂದಿದೆ. ಲಾಸ್ ಏಂಜಲೀಸ್‌ನ ಹೋರ್ಹೆ ಬಾರಿಯೊ, ಗ್ಯಾರಿ ಸ್ಮಾಲ್ ಮುಂತಾದವರು ಎಫ್‌ಡಿಡಿಎನ್‌ಪಿ ಎಂಬ ಟ್ರೇಸರ್‌ನಿಂದ ತೆಗೆದ ಬಿಂಬಗಳನ್ನು 2002ರ ಆರಂಭದಲ್ಲೇ ಪ್ರಕಟಿಸಿದ್ದರು. ಅದು ಪ್ಲೇಕ್ ಮತ್ತು ಟ್ಯಾಂಗಲ್ ಎರಡಕ್ಕೂ ಅಂಟುತ್ತಿತ್ತು. ರೋಗಿಗೂ ಆರೋಗ್ಯವಂತರಿಗೂ ನಡುವಿನ ಅಂತರ ಅದರಲ್ಲಿ ಕಿರಿದಾಗಿದ್ದುದರಿಂದ ಪಿಬ್ ಮುಂದೆ ಬಂತು. ಮೊದಲಿಗರಾದವರಿಗಿಂತ ಸ್ಪಷ್ಟವಾಗಿ ತೋರಿಸಿದವರ ಹೆಸರು ಉಳಿಯಿತು.

ಪಿಬ್‌ನ ಮಿತಿ ಅದರ ಐಸೋಟೋಪಿನಲ್ಲಿತ್ತು. ಕಾರ್ಬನ್-11ರ ಅರ್ಧಾಯು ಸುಮಾರು 20 ನಿಮಿಷ. ಸೈಕ್ಲೋಟ್ರಾನ್ ಇರುವ ಕಟ್ಟಡದಲ್ಲೇ ಅದನ್ನು ತಯಾರಿಸಿ ಅಲ್ಲಿಯೇ ಚುಚ್ಚಬೇಕು. ಫ್ಲೋರಿನ್-18ರ ಅರ್ಧಾಯು ಸುಮಾರು 110 ನಿಮಿಷ. ಅದನ್ನು ವಾಹನದಲ್ಲಿ ಪಕ್ಕದ ಊರಿಗೆ ಒಯ್ಯಬಹುದು. ಮುಂದಿನ ದಶಕದ ಇತಿಹಾಸವನ್ನು ನಿರ್ಧರಿಸಿದ್ದು ಈ ವ್ಯತ್ಯಾಸವೇ. ಪಿಬ್‌ಗೆ ಫ್ಲೋರಿನ್ ಸೇರಿಸಿದ ಫ್ಲೂಟೆಮೆಟಮಾಲ್, ಪೆನ್ಸಿಲ್ವೇನಿಯಾದ ಹ್ಯಾಂಕ್ ಕುಂಗ್ ಅವರ ಕೆಲಸದಿಂದ ಬಂದ ಫ್ಲೋರ್‌ಬೆಟಪಿರ್ ಮತ್ತು ಫ್ಲೋರ್‌ಬೆಟಬೆನ್ ಹೀಗೆ ರೂಪುಗೊಂಡವು.

ಇವುಗಳಲ್ಲಿ ಮೊದಲು ಅಮೆರಿಕದ ಪರವಾನಗಿ ಪಡೆದ ಫ್ಲೋರ್‌ಬೆಟಪಿರ್ ಪ್ರಕರಣ ಬೋಧಪ್ರದವಾಗಿದೆ. ಸಾವಿನ ಅಂಚಿನಲ್ಲಿದ್ದ ಸ್ವಯಂಸೇವಕರಲ್ಲಿ ಬಿಂಬ ತೆಗೆದು, ಅವರು ತೀರಿಕೊಂಡ ಬಳಿಕ ಮಿದುಳಿನ ಅಮಿಲಾಯ್ಡ್ ಅಳೆದು, ಎರಡನ್ನೂ ಹೋಲಿಸಬೇಕಾಯಿತು. 2011ರ ಜನವರಿಯಲ್ಲಿ ಪ್ರಕಟವಾದ ವರದಿಯಲ್ಲಿ ಇಂಥ 35 ಮಂದಿಯ ವಿವರವಿತ್ತು. ಅದೇ ತಿಂಗಳು ಸಲಹಾ ಸಮಿತಿ 13-3 ಮತಗಳಿಂದ ತಕ್ಷಣದ ಪರವಾನಗಿಯನ್ನು ನಿರಾಕರಿಸಿತು. ಅಣುವಿನ ಬಗ್ಗೆ ಅಲ್ಲ ಅದರ ಆಕ್ಷೇಪ; ಒಂದೇ ಬಿಂಬವನ್ನು ಬೇರೆ ಬೇರೆ ವೈದ್ಯರು ಬೇರೆ ಬೇರೆಯಾಗಿ ಓದುತ್ತಿದ್ದರು. ಓದುವವರಿಗೆ ತರಬೇತಿ ಏರ್ಪಡಿಸಿದ ಮೇಲೆ 2012ರ ಏಪ್ರಿಲ್‌ನಲ್ಲಿ ಅನುಮತಿ ದೊರೆಯಿತು. ಅನುಮತಿಪತ್ರದ ಮಾತೂ ಜಾಗರೂಕವಾಗಿತ್ತು: ಬಿಂಬದಲ್ಲಿ ಅಮಿಲಾಯ್ಡ್ ಇಲ್ಲದಿದ್ದರೆ ಆಲ್ಝೈಮರ್ ಸಾಧ್ಯತೆ ಕಡಿಮೆ, ಇದ್ದರೆ ಅಷ್ಟರಿಂದಲೇ ರೋಗನಿರ್ಣಯವಾಗುವುದಿಲ್ಲ.

ಈ ಎಚ್ಚರಿಕೆಗೆ ಕಾರಣವಿತ್ತು. ಆರೋಗ್ಯವಂತ ವೃದ್ಧರಲ್ಲಿ ಕೆಲವರ ಮಿದುಳೂ ಬಿಂಬದಲ್ಲಿ ಬೆಳಗುತ್ತಿತ್ತು. ನೆನಪಿನ ತೊಂದರೆಯಿಲ್ಲದ ವಯಸ್ಸಾದವರಿಗಾಗಿ ನಡೆದ ಎ-4 ಔಷಧ ಪ್ರಯೋಗದಲ್ಲಿ ಬಿಂಬ ತೆಗೆಸಿಕೊಂಡ 4,486 ಮಂದಿಯಲ್ಲಿ 1,323 ಮಂದಿಗೆ ಅಮಿಲಾಯ್ಡ್ ಹೆಚ್ಚಾಗಿತ್ತು. ಇದಕ್ಕೆ ವಿರುದ್ಧವಾದ ಉದಾಹರಣೆಗಳೂ ಇವೆ. ಸ್ವೀಡನ್ನಿನ ‘ಆರ್ಕ್ಟಿಕ್’ ಜೀನ್ ರೂಪಾಂತರವುಳ್ಳವರಲ್ಲಿ ಪಿಬ್ ಬಹುತೇಕ ಏನನ್ನೂ ತೋರಿಸುವುದಿಲ್ಲ ಎಂದು 2012ರಲ್ಲಿ ವರದಿಯಾಯಿತು; ಅವರ ಅಮಿಲಾಯ್ಡ್‌ನ ರಚನೆಯೇ ಬೇರೆ. ಬಾಪಿನ್ಯೂಝುಮಾಬ್ ಎಂಬ ಪ್ರತಿಕಾಯ ಔಷಧದ ಪ್ರಯೋಗದ ವರದಿ (2014) ಇನ್ನೊಂದು ಬಗೆಯಲ್ಲಿ ಕಣ್ತೆರೆಸಿತು. ಅಪೊ-ಇ4 ಜೀನ್ ಇಲ್ಲದವರ ಗುಂಪಿನಲ್ಲಿ ಬಿಂಬ ತೆಗೆಸಿಕೊಂಡವರ ಪೈಕಿ ನೂರಕ್ಕೆ ಸುಮಾರು 36 ಮಂದಿಯ ಮಿದುಳಿನಲ್ಲಿ ಅಮಿಲಾಯ್ಡ್ ಸಂಚಯವೇ ಕಾಣಲಿಲ್ಲ. ಅನುಭವಿ ವೈದ್ಯರು ಆಲ್ಝೈಮರ್ ಎಂದು ನಿರ್ಣಯಿಸಿದವರು ಇವರು. ಇಲ್ಲದ ದ್ರವ್ಯವನ್ನು ತೆಗೆಯುವ ಔಷಧವನ್ನು ಅವರಿಗೆ ಕೊಡಲಾಗಿತ್ತು.

ಅಂದಿನಿಂದ ಔಷಧ ಪ್ರಯೋಗಗಳು ಬಿಂಬವನ್ನು ಪ್ರವೇಶದ ಷರತ್ತಾಗಿಸಿಕೊಂಡವು. ಬರಬರುತ್ತಾ ಬಿಂಬವೇ ಫಲಿತಾಂಶವೂ ಆಯಿತು. 2021ರ ಜೂನ್‌ನಲ್ಲಿ ಅಡುಕಾನುಮಾಬ್‌ಗೆ ಅಮೆರಿಕದಲ್ಲಿ ತ್ವರಿತ ಅನುಮತಿ ಸಿಕ್ಕಿದ್ದು ಪ್ಲೇಕ್ ಕಡಿಮೆಯಾಗಿದೆ ಎಂಬ ಪೆಟ್ ಸಾಕ್ಷ್ಯದ ಮೇಲೆ. ರೋಗಿಗಳ ಬುದ್ಧಿಶಕ್ತಿಗೆ ಅದರಿಂದಾದ ಲಾಭ ವಿವಾದಾಸ್ಪದವಾಗಿತ್ತು. ತಯಾರಕರೇ 2024ರ ಜನವರಿಯಲ್ಲಿ ಅದನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. 2023ರಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮಾಬ್, 2024ರಲ್ಲಿ ಅನುಮತಿ ಪಡೆದ ಡೊನಾನೆಮಾಬ್ ರೋಗದ ಇಳಿಜಾರನ್ನು ತುಸು ನಿಧಾನಗೊಳಿಸಿದವು. ಬಿಂಬವು ರೋಗದ ಗುರುತು ಎಂಬುದರಿಂದ ರೋಗವೇ ಎಂಬಲ್ಲಿಗೆ ಜಾರಿದ್ದು ಈ ಅವಧಿಯ ದೊಡ್ಡ ಬದಲಾವಣೆ. ಲಕ್ಷಣವಿಲ್ಲದಿದ್ದರೂ ಅಮಿಲಾಯ್ಡ್ ಇದ್ದರೆ ಅದು ಆಲ್ಝೈಮರ್ ಕಾಯಿಲೆಯೇ ಎಂದು ಅಮೆರಿಕದ ತಜ್ಞರ ಒಂದು ಗುಂಪು 2024ರಲ್ಲಿ ವ್ಯಾಖ್ಯಾನಿಸಿತು. ಅಂತಾರಾಷ್ಟ್ರೀಯ ಕಾರ್ಯತಂಡವೊಂದು ಅದೇ ವರ್ಷ ಅದನ್ನು ಒಪ್ಪದೆ, ಅಂಥವರು ಅಪಾಯದಲ್ಲಿರುವವರೇ ಹೊರತು ರೋಗಿಗಳಲ್ಲ ಎಂದಿತು. ಈ ಲೇಖಕನಿಗೆ ಎರಡನೆಯ ನಿಲುವು ಇತಿಹಾಸಕ್ಕೆ ಹೆಚ್ಚು ನಿಷ್ಠವಾಗಿ ಕಾಣುತ್ತದೆ. ನ್ಯೂಕಾಸಲ್‌ನವರು ಪ್ಲೇಕ್‌ಗಳನ್ನು ಎಣಿಸಿದ್ದು ಬುದ್ಧಿಶಕ್ತಿಯ ಅಳತೆಯ ಜೊತೆಗಿಟ್ಟು ನೋಡಲು.

ಟ್ಯಾಂಗಲ್‌ಗಳ ಟೌ ಪ್ರೋಟೀನಿಗೂ ಟ್ರೇಸರ್‌ಗಳು ಬಂದವು. 2013ರಲ್ಲಿ ವರದಿಯಾದ ಫ್ಲೋರ್ಟೌಸಿಪಿರ್‌ಗೆ 2020ರ ಮೇ ತಿಂಗಳಲ್ಲಿ ಅಮೆರಿಕದ ಅನುಮತಿ ದೊರೆಯಿತು. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಟಿಎಚ್‌ಕೆ-5351 ಮಾತ್ರ ಬೇರೆ ಹಾದಿ ಹಿಡಿಯಿತು. ಸೆಲೆಜಿಲಿನ್ ಎಂಬ ಔಷಧವನ್ನು ಮೊದಲೇ ಕೊಟ್ಟರೆ ಅದರ ಬಿಂಬ ಗಣನೀಯವಾಗಿ ಕುಂದುತ್ತದೆ ಎಂದು 2017ರಲ್ಲಿ ಕಂಡುಬಂತು. ಅಂದರೆ ಅದು ಬಹಳಮಟ್ಟಿಗೆ ಅಂಟುತ್ತಿದ್ದದ್ದು ಟೌಗಲ್ಲ, ಮೊನೊಅಮೈನ್ ಆಕ್ಸಿಡೇಸ್-ಬಿ ಎಂಬ ಕಿಣ್ವಕ್ಕೆ. ಪಾರ್ಕಿನ್ಸನ್ ಕಾಯಿಲೆಯ ಆಲ್ಫಾ-ಸಿನ್ಯೂಕ್ಲಿನ್ ಪ್ರೋಟೀನಿಗೆ ತಕ್ಕ ಟ್ರೇಸರ್ ಇನ್ನೂ ಬಳಕೆಗೆ ಬಂದಿಲ್ಲ. ಸಂಚಯ ವಿರಳ, ಬಹುಪಾಲು ಕೋಶದ ಒಳಗಿದೆ. 2023ರಲ್ಲಿ ವರದಿಯಾದ ಒಂದು ಟ್ರೇಸರ್ ಅದರ ಸೋದರ ರೋಗವಾದ ಮಲ್ಟಿಪಲ್ ಸಿಸ್ಟಮ್ ಅಟ್ರೊಫಿಯಲ್ಲಿ ಮಾತ್ರ ಸ್ಪಷ್ಟವಾಗಿ ಕಂಡಿತು.

ಕರ್ನಾಟಕದ ಸಂಬಂಧ ಈ ಕಥೆಯ ಎರಡು ತುದಿಗಳಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರೊ. ಎಸ್.ಕೆ. ಶಂಕರ್ ಅವರ ಮುಂದಾಳುತನದಲ್ಲಿ 1995ರಲ್ಲಿ ಮಿದುಳು ಬ್ಯಾಂಕ್ ಆರಂಭವಾಯಿತು. ಕುಟುಂಬದವರ ಒಪ್ಪಿಗೆಯಿಂದ ದೊರೆತ ಮಿದುಳುಗಳನ್ನು ಅಲ್ಲಿ ಸಂಶೋಧನೆಗಾಗಿ ಕಾಯ್ದಿಡಲಾಗುತ್ತದೆ. ಇನ್ನೊಂದು ತುದಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ವಯಸ್ಸಾಗುತ್ತಿರುವ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಅಧ್ಯಯನವನ್ನು ನಡೆಸುತ್ತಿದೆ. ಅಮಿಲಾಯ್ಡ್ ಬಿಂಬಗಳನ್ನು ಹೋಲಿಸಲು 2015ರಲ್ಲಿ ಕ್ಲಂಕ್ ಮತ್ತಿತರರು ರೂಪಿಸಿದ ಸೆಂಟಿಲಾಯ್ಡ್ ಮಾಪಕದಲ್ಲಿ ಸೊನ್ನೆಯೆಂದರೆ 45 ದಾಟದ ಆರೋಗ್ಯವಂತರ ಸರಾಸರಿ, ನೂರೆಂದರೆ ಸೌಮ್ಯ ಆಲ್ಝೈಮರ್ ರೋಗಿಗಳ ಸರಾಸರಿ. ಆ ಸೊನ್ನೆ, ಆ ನೂರು ಎರಡನ್ನೂ ನಿಗದಿಪಡಿಸಿದ್ದು ಕೋಲಾರದವರ ಮಿದುಳಿನಿಂದಲ್ಲ.

2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಆಲ್ಝೈಮರ್‌ಗೆ ಸಂಬಂಧಿಸಿದ ರಕ್ತಪರೀಕ್ಷೆಯೊಂದಕ್ಕೆ ಮೊದಲ ಬಾರಿ ಅನುಮತಿ ದೊರೆಯಿತು. ಸೈಕ್ಲೋಟ್ರಾನ್ ಇಲ್ಲದ ಊರುಗಳಿಗೆ ಇದು ಸುದ್ದಿಯೇ. ಆ ರಕ್ತಪರೀಕ್ಷೆ ಸರಿಯೆಂದು ಒಪ್ಪಿದ್ದು ಪೆಟ್ ಬಿಂಬ ಅಥವಾ ಬೆನ್ನುಹುರಿ ದ್ರವದ ಪರೀಕ್ಷೆಯೊಂದಿಗೆ ಹೋಲಿಸಿ. ಪೆಟ್ ಬಿಂಬ ಸರಿಯೆಂದು ಒಪ್ಪಿದ್ದು ಶವಪರೀಕ್ಷೆಯೊಂದಿಗೆ ಹೋಲಿಸಿ. ಉಪ್ಸಲಾದಲ್ಲಿ ಮೊದಲು ಪಿಬ್ ಬಿಂಬ ತೆಗೆಸಿಕೊಂಡ ರೋಗಿಯೂ ತೀರಿಕೊಂಡ ಬಳಿಕ ಅವರ ಮಿದುಳನ್ನು ಪರೀಕ್ಷಿಸಲಾಯಿತು. ಬಿಂಬದಲ್ಲಿ ಬೆಳಗಿದ್ದ ಭಾಗಗಳಲ್ಲೇ ಅಮಿಲಾಯ್ಡ್ ಇತ್ತೆಂಬ ಆ ವರದಿ 2011ರಲ್ಲಿ ಪ್ರಕಟವಾಯಿತು.